ನಾಲ್ಕೂ ಚಕ್ರ ಕಚ್ಚಿದಾಗ

ಜೀಪಿನ ದೊಡ್ಡಸ್ತಿಕೆ ಇರುವುದು ಅದರ ನಿಧಾನದಲ್ಲಿ. ಬೆಂಗಳೂರಿನ ಫ್ಲೈಓವರ್ ಮೇಲೆ ಈ ಮಾತು ಹೇಳಿದರೆ ಯಾರೂ ಒಪ್ಪುವುದಿಲ್ಲ. ಜುಲೈ ತಿಂಗಳಲ್ಲಿ ಮೂಡಿಗೆರೆ ಕಡೆಯ ಯಾವುದಾದರೂ ಕಾಫಿ ತೋಟಕ್ಕೆ ಬಂದರೆ ತಾನಾಗೇ ಒಪ್ಪುತ್ತಾರೆ. ತೋಟದೊಳಗಿನ ರಸ್ತೆ ಅಂದರೆ ಕೆಂಪು ಮಣ್ಣಿನ ಏರು, ಎರಡು ಚಕ್ರದ ಜಾಡು, ನಡುವೆ ಹುಲ್ಲು, ಪಕ್ಕದಲ್ಲಿ ತುಂಬಿ ಹರಿಯುವ ಚರಂಡಿ. ನಡೆದು ಹೋಗುವವರೇ ಗಿಡ ಹಿಡಿದುಕೊಂಡು ಹತ್ತಬೇಕು. ಅಂಥಲ್ಲಿ ಹಳೇ ಜೀಪೊಂದು ಹಿಂದೆ ಗೊಬ್ಬರದ ಮೂಟೆ ಹೇರಿಕೊಂಡು, ಮೂಟೆಯ ಮೇಲೆ ಜನರನ್ನೂ ಕೂರಿಸಿಕೊಂಡು, ಏನೂ ಅವಸರವಿಲ್ಲದೆ ಹತ್ತುತ್ತದೆ. ಹೊಸದಾಗಿ ಸ್ಟೇರಿಂಗ್ ಹಿಡಿದ ಹುಡುಗ ಗಾಬರಿಯಲ್ಲಿ ಎಕ್ಸಲೇಟರ್ ಒತ್ತಿದರೆ ಪಕ್ಕದಲ್ಲಿ ಕೂತ ಹಳೇ ಡ್ರೈವರ್ ಗದರುತ್ತಾನೆ: "ಕಾಲು ತೆಗಿಯೋ ಮಾರಾಯ. ಅದರ ಪಾಡಿಗೆ ಅದು ಹತ್ತುತ್ತೆ."

ಅವನು ಹೇಳಿದ್ದು ಅಪ್ಪಟ ಭೌತಶಾಸ್ತ್ರ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಕಂಪನಿ ಮಾಡಿದ ಜೀಪಿನ ಎಂಜಿನ್ ಶಕ್ತಿ 60 ಎಚ್‌ಪಿ. ಇವತ್ತಿನ ಬಹುತೇಕ ಸಣ್ಣ ಕಾರುಗಳ ಎಂಜಿನ್ ಕೂಡ ಇದಕ್ಕಿಂತ ಜೋರು. ಆದರೆ ಜೀಪಿಗೆ ಗೇರ್‌ಬಾಕ್ಸಿನ ಹಿಂದೆ ಇನ್ನೊಂದು ಪೆಟ್ಟಿಗೆ ಇದೆ, ಟ್ರಾನ್ಸ್‌ಫರ್ ಕೇಸ್ ಅಂತ. ಎಂಜಿನ್ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವುದು ಇದೇ. ಬೇಕೆಂದಾಗ ಗೇರನ್ನು ಸುಮಾರು ಅರ್ಧಕ್ಕೆ ಇಳಿಸುವುದೂ ಇದೇ. ಲೆಕ್ಕ ಹಾಕಿ ನೋಡಿ. ಮೊದಲ ಗೇರಿನ ಅನುಪಾತ 2.66, ಟ್ರಾನ್ಸ್‌ಫರ್ ಕೇಸಿನ ಲೋ ಗೇರ್ 1.97, ಆಕ್ಸಲಿನಲ್ಲಿ, ಅಂದರೆ ಚಕ್ರದ ಅಚ್ಚಿನಲ್ಲಿ, ಮತ್ತೆ 4.88. ಮೂರನ್ನೂ ಗುಣಿಸಿದರೆ 25 ದಾಟುತ್ತದೆ. ಎಂಜಿನ್ 25 ಸುತ್ತು ಹೊಡೆದಾಗ ಚಕ್ರ ಹೊಡೆಯುವುದು ಒಂದೇ ಸುತ್ತು. ತಿರುಚುವ ಬಲವೂ ಅಷ್ಟೇ ಪಟ್ಟು ಹೆಚ್ಚುತ್ತದೆ, ತಿಕ್ಕಾಟದಲ್ಲಿ ಕಳೆಯುವ ಸ್ವಲ್ಪವನ್ನು ಬಿಟ್ಟು. ಎಂಜಿನ್ ನಿಮಿಷಕ್ಕೆ 1,000 ಸುತ್ತು ತಿರುಗುತ್ತಿದ್ದರೆ ಜೀಪು ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹೋಗುತ್ತದೆ, ಅಂದರೆ ನಾವು ನಡೆಯುವ ವೇಗ. ಕಾಲು ತೆಗೆದರೂ ಹತ್ತುವುದು ಇದಕ್ಕೇ.

ಬಲ ಇದ್ದರೆ ಸಾಲದು, ಅದು ನೆಲಕ್ಕೆ ಮುಟ್ಟಬೇಕಲ್ವಾ? ಒದ್ದೆ ಮಣ್ಣಿನ ಹಿಡಿತ 0.3 ಅಂತಿಟ್ಟುಕೊಳ್ಳೋಣ. ಚಕ್ರದ ಮೇಲೆ 100 ಕೆಜಿ ಭಾರ ಬಿದ್ದರೆ, ಜಾರದೆ 30 ಕೆಜಿಯಷ್ಟು ಎಳೆತ ಸಿಗುತ್ತದೆ ಅಂತ ಅರ್ಥ. ಒಣಗಿದ ಟಾರ್ ರಸ್ತೆಯಲ್ಲಿ ಇದೇ ಸಂಖ್ಯೆ 0.8ರ ಆಸುಪಾಸು ಇರುತ್ತದೆ. ಈಗ 1,200 ಕೆಜಿಯ ಗಾಡಿಯ ಭಾರ ನಾಲ್ಕು ಚಕ್ರಕ್ಕೂ ಸಮನಾಗಿ ಬಿದ್ದಿದೆ ಅನ್ನಿ. ನಾಲ್ಕೂ ಎಳೆದರೆ ಸಿಗುವುದು 360 ಕೆಜಿ. ಎರಡೇ ಎಳೆದರೆ 180. ಮಿಕ್ಕ ಎರಡು ಚಕ್ರ ಸುಮ್ನೆ ಉರುಳುತ್ತಾ ಬರುತ್ತವೆ, ಅವುಗಳ ಮೇಲೆ ಬಿದ್ದ ಭಾರವೆಲ್ಲ ದಂಡ. ಏರಿನ ಲೆಕ್ಕದಲ್ಲಿ ಹೇಳುವುದಾದರೆ, ಫೋರ್ ವೀಲ್ ಹಾಕಿದ ಗಾಡಿ 100 ಮೀಟರಿಗೆ 30 ಮೀಟರ್ ಏರುವ ದಾರಿಯನ್ನು ಹತ್ತೀತು. ಎರಡು ಚಕ್ರದ್ದು 15 ಮೀಟರ್ ಹೊತ್ತಿಗೇ ಜಾರಲು ಶುರು.

ನಿಜದಲ್ಲಿ ಭಾರ ಸಮನಾಗಿ ಬೀಳುವುದಿಲ್ಲ. ಏರಿನಲ್ಲಿ ಅದು ಹಿಂದಕ್ಕೆ ವಾಲುತ್ತದೆ. ಇವತ್ತಿನ ಮಾಮೂಲಿ ಕಾರುಗಳಲ್ಲಿ ಎಳೆಯುವುದು ಮುಂದಿನ ಚಕ್ರ. ಎಳೆಯಬೇಕಾದ ಚಕ್ರವೇ ಏರಿನಲ್ಲಿ ಹಗುರವಾಗಿಬಿಡುತ್ತದೆ. ಹೋಂಸ್ಟೇಗೆ ಬಂದ ಕಾರು ಏರು ಹತ್ತದೆ ಒದ್ದಾಡುವಾಗ ಊರಿನವರು "ರಿವರ್ಸಲ್ಲಿ ಹತ್ತಿಸಿ ಸಾರ್" ಅನ್ನುವುದು ತಮಾಷೆಗಲ್ಲ. ತಿರುಗಿಸಿ ನಿಲ್ಲಿಸಿದರೆ ಎಳೆಯುವ ಚಕ್ರ ಇಳಿಜಾರಿನ ಕೆಳಬದಿಗೆ ಬರುತ್ತದೆ, ಭಾರ ಅದರ ಮೇಲೆ ಬೀಳುತ್ತದೆ, ಕಾರು ಹತ್ತುತ್ತದೆ. ಜೀಪಿನ ಹಿಂದೆ ಜನ ತುಂಬಿದಷ್ಟೂ ಗ್ರಿಪ್ ಚೆನ್ನ ಎನ್ನುವ ನಂಬಿಕೆಗೂ ಇದೇ ಕಾರಣ. ಹಿಂದಿನ ಚಕ್ರವೊಂದೇ ಎಳೆಯುವ ಜೀಪಿಗೆ ಅದು ನಿಜ ಕೂಡ.

ಕೆಸರಿನ ವಿಷಯವನ್ನೂ ಹೇಳಬೇಕು. ಜೇಡಿ ಮಣ್ಣಿನ ಕಣಗಳು ತೀರಾ ಸಣ್ಣ, ಚಪ್ಪಟೆ. ನಡುವೆ ನೀರು ಸೇರಿದರೆ ಒಂದರ ಮೇಲೊಂದು ಜಾರುತ್ತವೆ. ಚಕ್ರ ಒಮ್ಮೆ ನಿಂತಲ್ಲೇ ತಿರುಗಿತೋ, ಮೇಲಿನ ಪದರವನ್ನು ಉಜ್ಜಿ ಉಜ್ಜಿ ಇನ್ನಷ್ಟು ನುಣುಪು ಮಾಡುತ್ತದೆ. ಟಯರಿನ ಗೀರುಗಳಿಗೆಲ್ಲ ಮಣ್ಣು ತುಂಬಿ ಹೊಸ ಟಯರೂ ಬೋಳು ಟಯರಿನಂತೆ ಆಗುತ್ತದೆ. ಹಾಗಾಗಿಯೇ ಮಲೆನಾಡಿನಲ್ಲಿ ಮಳೆಗಾಲಕ್ಕೆ ಟಯರಿಗೆ ಚೈನ್ ಕಟ್ಟುವುದು. ಚೈನಿನ ಕೊಂಡಿ ಮೇಲಿನ ಲೋಳೆಯನ್ನು ಸೀಳಿ ಕೆಳಗಿನ ಗಟ್ಟಿ ನೆಲವನ್ನು ಕಚ್ಚುತ್ತದೆ. ಹಳೇ ಜೀಪಿನ ಟಯರ್ ಸಪೂರ ಇದ್ದದ್ದೂ ಇಂಥ ಕಡೆ ಲಾಭವೇ. ತೆಳುವಾದ ಕೆಸರನ್ನು ಕತ್ತರಿಸಿಕೊಂಡು ಅಡಿಯ ಗಟ್ಟಿ ಮುಟ್ಟುತ್ತದೆ. ಈಗಿನ ದಪ್ಪ ಟಯರಿನ ಶೋಕಿ ಮರಳಿನಲ್ಲಿ ಸರಿ. ತೋಟದ ಕೆಸರಿಗೆ ಸಪೂರ ಟಯರು, ಚೈನು ಇದ್ದರೆ ಸಾಕು ಅಂತ ನನ್ನ ಅನಿಸಿಕೆ.

ಇಷ್ಟು ಸರಳ ಲೆಕ್ಕ ಎಲ್ಲರಿಗೂ ಮೊದಲೇ ಯಾಕೆ ಹೊಳೆಯಲಿಲ್ಲ? ಹೊಳೆದಿತ್ತು. 1903ರಲ್ಲೇ ಹಾಲೆಂಡಿನ ಸ್ಪೈಕರ್ ಕಂಪನಿ ನಾಲ್ಕೂ ಚಕ್ರ ಎಳೆಯುವ ಪೆಟ್ರೋಲ್ ಕಾರು ಮಾಡಿತ್ತು. 1908ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಕ್ಲಿಂಟನ್‌ವಿಲ್ ಎಂಬ ಸಣ್ಣ ಊರಿನಲ್ಲಿ ಯಂತ್ರ ರಿಪೇರಿ ಮಾಡುತ್ತಿದ್ದ ಭಾವ-ಮೈದುನರು, ಒಟ್ಟೊ ಜಕೋವ್ ಮತ್ತು ವಿಲಿಯಂ ಬೆಸರ್ಡಿಕ್, ಇಂಥದ್ದೇ ಗಾಡಿ ಕಟ್ಟಿದರು. ಅವರ ಕಂಪನಿಯ ಲಾರಿಗಳು ಮೊದಲ ಮಹಾಯುದ್ಧದ ಕೆಸರಿನಲ್ಲಿ ಓಡಾಡಿದವು. ಕಷ್ಟ ಇದ್ದದ್ದು ಮುಂದಿನ ಚಕ್ರದಲ್ಲಿ. ಅದು ಗಾಡಿಯನ್ನು ಎಳೆಯಲೂ ಬೇಕು, ಎಡಕ್ಕೆ ಬಲಕ್ಕೆ ತಿರುಗಲೂ ಬೇಕು. ಸಾಮಾನ್ಯ ಯೂನಿವರ್ಸಲ್ ಜಾಯಿಂಟ್, ಅಂದರೆ ಬಗ್ಗುವ ಕೀಲು, ಹಾಕಿ 30 ಡಿಗ್ರಿ ಬಗ್ಗಿಸಿದರೆ, ಬಲ ಒಯ್ಯುವ ಶಾಫ್ಟ್ ಒಂದೇ ಸಮ ತಿರುಗುತ್ತಿದ್ದರೂ ಚಕ್ರದ ವೇಗ ಪ್ರತಿ ಸುತ್ತಿಗೆ ಎರಡು ಸಲ ಶೇಕಡಾ 13ರಷ್ಟು ತಗ್ಗಿ, ಎರಡು ಸಲ ಶೇಕಡಾ 15ರಷ್ಟು ಏರುತ್ತದೆ. ಸ್ಟೇರಿಂಗ್ ಹಿಡಿದವನ ಕೈ ಅದುರಿ ಹೋಗುತ್ತದೆ. 1920ರ ದಶಕದಲ್ಲಿ ಫ್ರಾನ್ಸಿನ ಟ್ರಾಕ್ಟಾ, ಅಮೆರಿಕದ ರ್‍ಜೆಪ್ಪಾ ಮುಂತಾದ ಹೊಸ ಜಾಯಿಂಟುಗಳು ಬಂದ ಮೇಲೆಯೇ ಇದಕ್ಕೆ ಪರಿಹಾರ ಸಿಕ್ಕಿದ್ದು. ಬಗ್ಗಿದರೂ ವೇಗ ಬದಲಾಗದ ಜಾಯಿಂಟುಗಳು ಇವು. ಯುದ್ಧದ ಜೀಪಿನ ಮುಂದಿನ ಆಕ್ಸಲಿನಲ್ಲಿ ಇದ್ದದ್ದು ಈ ಜಾತಿಯವೇ.

ಜೀಪು ಹುಟ್ಟಿದ್ದು ಮಾತ್ರ ಭಾರೀ ಗಡಿಬಿಡಿಯಲ್ಲಿ. 1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆಯಿತು. ಹಗುರವಾದ, ನಾಲ್ಕೂ ಚಕ್ರ ಎಳೆಯುವ ಪುಟ್ಟ ಗಾಡಿ ಬೇಕು, ಮಾದರಿಯನ್ನು 49 ದಿನದಲ್ಲಿ ತಂದು ನಿಲ್ಲಿಸಬೇಕು. ದಿವಾಳಿಯ ಅಂಚಿನಲ್ಲಿದ್ದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರೊಬ್‌ಸ್ಟ್ ಎಂಬ ಎಂಜಿನಿಯರನ್ನು ಕರೆಸಿಕೊಂಡಿತು. ಅವನು ಕೆಲವೇ ದಿನದಲ್ಲಿ ನಕ್ಷೆ ಮುಗಿಸಿದ. ಸೆಪ್ಟೆಂಬರ್ 23ರಂದು, ಗಡುವಿಗೆ ಅರ್ಧ ಗಂಟೆ ಇದ್ದಾಗ, ಗಾಡಿ ಸೈನ್ಯದ ಅಂಗಳಕ್ಕೆ ಬಂತು. ಸೈನ್ಯಕ್ಕೆ ಗಾಡಿ ಹಿಡಿಸಿತು. ಆದರೆ ಲಕ್ಷಗಟ್ಟಲೆ ಮಾಡುವ ತಾಕತ್ತು ಬ್ಯಾಂಟಮ್‌ಗೆ ಇಲ್ಲ ಎಂದು ಅದರ ನಕ್ಷೆಯನ್ನು ವಿಲ್ಲಿಸ್ ಮತ್ತು ಫೋರ್ಡ್ ಕೈಗೂ ಕೊಟ್ಟಿತು. ಕಷ್ಟಪಟ್ಟವರೊಬ್ಬರು, ಉಂಡವರಿನ್ನೊಬ್ಬರು. ವಿಲ್ಲಿಸ್ ಎಂಜಿನ್ ಬಲವಾಗಿತ್ತು, ಗಾಡಿ ತೂಕ ಜಾಸ್ತಿ ಇತ್ತು. ಸುಮಾರು 980 ಕೆಜಿಯ ಮಿತಿಗೆ ಇಳಿಸಲು ಎಂಜಿನಿಯರುಗಳು ಉದ್ದ ಇದ್ದ ಬೋಲ್ಟುಗಳನ್ನೂ ಗಿಡ್ಡ ಮಾಡಿದರಂತೆ. ಯುದ್ಧ ಮುಗಿಯುವಷ್ಟರಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪು ತಯಾರಾಗಿದ್ದವು.

ಪ್ರೀತಿ ಶುರುವಾಗಿದ್ದು ಇಲ್ಲಿ. ಸೈನಿಕರಿಗೆ ಜೀಪು ಕೊಟ್ಟದ್ದು ಓಡಾಡಲಿ ಎಂದು. ಅವರು ಅದರ ಮೇಲೆ ಗಾಯಾಳುಗಳನ್ನು ಮಲಗಿಸಿಕೊಂಡು ಬಂದರು, ಬಾನೆಟ್ಟಿನ ಮೇಲೆ ಪ್ರಾರ್ಥನೆ ಮಾಡಿದರು, ಬರ್ಮಾದಲ್ಲಿ ಚಕ್ರ ಬದಲಿಸಿ ರೈಲು ಹಳಿಯ ಮೇಲೆ ಬೋಗಿ ಎಳೆಸಿದರು. ಹೂತ ಜಾಗದಿಂದ ಒಮ್ಮೆ ಹೊರಗೆ ತಂದ ಗಾಡಿಯನ್ನು ಮನುಷ್ಯ ಸುಲಭವಾಗಿ ಮರೆಯುವುದಿಲ್ಲ.

ಯುದ್ಧ ಮುಗಿದ ಮೇಲೆ ಈ ಮೋಹ ಹೊಲಗದ್ದೆಗೆ ಇಳಿಯಿತು. ವೇಲ್ಸ್‌ನ ಆಂಗ್ಲೆಸಿ ದ್ವೀಪದಲ್ಲಿ ರೋವರ್ ಕಂಪನಿಯ ಮಾರಿಸ್ ವಿಲ್ಕ್ಸ್‌ಗೆ ಜಮೀನಿತ್ತು. ಅಲ್ಲಿ ಅವನು ಓಡಿಸುತ್ತಿದ್ದದ್ದು ಸೈನ್ಯ ಮಾರಿದ ಹಳೇ ಜೀಪು. ಅದು ಕೆಟ್ಟುಹೋದರೆ ಇನ್ನೊಂದು ಜೀಪನ್ನೇ ತರಬೇಕು, ಬೇರೆ ಗತಿಯಿಲ್ಲ. ಹಾಗಿದ್ದರೆ ನಾವೇ ಯಾಕೆ ಮಾಡಬಾರದು ಎಂದು ಹುಟ್ಟಿದ್ದು ಲ್ಯಾಂಡ್ ರೋವರ್. 1948ರ ಏಪ್ರಿಲ್‌ನಲ್ಲಿ ಆಮ್‌ಸ್ಟರ್‌ಡ್ಯಾಮ್ ಪ್ರದರ್ಶನದಲ್ಲಿ ಅದನ್ನು ತೋರಿಸಿದರು. ಆಗ ಬ್ರಿಟನ್ನಿನಲ್ಲಿ ಉಕ್ಕಿಗೆ ರೇಷನ್, ಹಾಗಾಗಿ ಮೈಯೆಲ್ಲ ಅಲ್ಯುಮಿನಿಯಂ. ಜಪಾನಿನಲ್ಲಿ ಟೊಯೋಟಾ 1951ರಲ್ಲಿ ತನ್ನ ಬಿಜೆ ಗಾಡಿಯನ್ನು ಫ್ಯೂಜಿ ಪರ್ವತದ ಆರನೇ ತಂಗುದಾಣದವರೆಗೆ ಹತ್ತಿಸಿ ತೋರಿಸಿತು. ಮುಂದೆ ಲ್ಯಾಂಡ್ ಕ್ರೂಸರ್ ಆದದ್ದು ಅದೇ.

ನಮ್ಮಲ್ಲಿ ಮಹೀಂದ್ರ ಕಂಪನಿ 1940ರ ದಶಕದ ಕೊನೆಗೆ ಮುಂಬೈನಲ್ಲಿ ವಿಲ್ಲಿಸ್ ಜೀಪಿನ ಬಿಡಿಭಾಗ ತರಿಸಿ ಜೋಡಿಸತೊಡಗಿತು. ಆಮೇಲಿನ ಎತ್ತರದ ಬಾನೆಟ್ಟಿನ ಸಿಜೆ-3ಬಿ ಮಾದರಿ ನೆನಪಿರಬಹುದು. ಎಂಜಿನ್ನಿನ ವಾಲ್ವ್ ಮೇಲಕ್ಕೆ ಹೋಗಿ ಎಂಜಿನ್ ಎತ್ತರವಾಯಿತು, ಅದಕ್ಕೆ ಬಾನೆಟ್ಟನ್ನೂ ಎತ್ತಿದರು. ಅಮೆರಿಕದಲ್ಲಿ 1968ಕ್ಕೆ ನಿಂತುಹೋದ ಆ ಮುಖ ನಮ್ಮಲ್ಲಿ ಇನ್ನೂ ಎಷ್ಟೋ ವರ್ಷ ಉಳಿಯಿತು.

ಚಿಕ್ಕಮಗಳೂರು, ಸಕಲೇಶಪುರದ ಕಡೆ ಜೀಪು ಬೇರೂರಿದ್ದಕ್ಕೆ ದೊಡ್ಡ ಕಾರಣ ರಿಪೇರಿ. ಲೀಫ್ ಸ್ಪ್ರಿಂಗಿನ ಪ್ಲೇಟು ಮುರಿದರೆ ಊರಿನ ಗ್ಯಾರೇಜಿನಲ್ಲೇ ಬದಲಿಸಬಹುದು. ಬಾಡಿ ತುಕ್ಕು ಹಿಡಿದರೆ ತಗಡು ಕತ್ತರಿಸಿ ವೆಲ್ಡ್ ಮಾಡಬಹುದು. ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಕೂರಿಸಬಹುದು. ಒಂದೇ ಗಾಡಿ ಬೆಳಗ್ಗೆ ಆಳುಗಳನ್ನು ತಂದು, ಮಧ್ಯಾಹ್ನ ಗೊಬ್ಬರ ಹೊತ್ತು, ಕಟಾವಿನ ಕಾಲಕ್ಕೆ ಹಣ್ಣಿನ ಮೂಟೆ ಸಾಗಿಸಿ, ರಾತ್ರಿ ಯಾರಿಗಾದರೂ ಹೆರಿಗೆ ನೋವು ಬಂದರೆ ಆಸ್ಪತ್ರೆಗೂ ಓಡುತ್ತಿತ್ತು. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಹಗುರ, ಚುರುಕು, ಆದರೆ ಮೂಟೆ ಹೊರುವ ಗಾಡಿಯಲ್ಲ. ತೋಟದ ಮನೆಯ ಹುಡುಗರಿಗೆ ಅದು, ತೋಟಕ್ಕೆ ಜೀಪು, ಹೀಗೆ ಕೆಲಸ ಹಂಚಿಹೋಯಿತು. ಈಗ ಅತ್ತಿಗುಂಡಿಯ ಬಳಿ ಝರಿ ಫಾಲ್ಸಿಗೆ, ಹೊರನಾಡು ಕಡೆಯ ಕ್ಯಾತನಮಕ್ಕಿಗೆ ಹೋಗುವ ಪ್ರವಾಸಿಗರನ್ನು ಹೊತ್ತು ಜೀಪುಗಳು ಹೊಸ ಸಂಪಾದನೆ ಕಂಡುಕೊಂಡಿವೆ.

ಆದರೂ ಫೋರ್ ವೀಲ್ ಇದ್ದರೆ ಎಲ್ಲಾದರೂ ಹೋಗಬಹುದು ಅನ್ನುವುದು ಅತಿಯಾಸೆ. ಪ್ರತಿ ಆಕ್ಸಲಿನ ನಡುವೆ ಡಿಫರೆನ್ಷಿಯಲ್ ಇದೆ, ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಹೌಸಿಂಗ್. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಜಾಸ್ತಿ ದೂರ ಹೋಗಬೇಕಲ್ಲ, ಅದಕ್ಕಾಗಿ ಇದು. ಅದರ ಗುಣ ಎಡಕ್ಕೂ ಬಲಕ್ಕೂ ಸಮ ಬಲ ಹಂಚುವುದು. ಒಂದು ಚಕ್ರ ಗಾಳಿಯಲ್ಲಿ ತೂಗಿದರೆ ಅದನ್ನು ತಿರುಗಿಸಲು ಬಲವೇ ಬೇಡ, ಹಾಗಾಗಿ ಜೊತೆಯ ಚಕ್ರಕ್ಕೂ ಸಿಗುವುದು ಅಷ್ಟೇ, ಅಂದರೆ ಹೆಚ್ಚುಕಡಿಮೆ ಸೊನ್ನೆ. ಮುಂದಿನ ಎಡ ಚಕ್ರ, ಹಿಂದಿನ ಬಲ ಚಕ್ರ ಒಟ್ಟಿಗೆ ನೆಲ ಬಿಟ್ಟರೆ ಜೀಪು ನಿಂತಲ್ಲೇ ನಿಂತಿತು. ಚಕ್ರದ ಕೆಳಗೆ ಕಲ್ಲು ಕೊಡುವುದೇ ಆಗ ಪರಿಹಾರ. ಹೊಸ ಗಾಡಿಗಳಲ್ಲಿ ಕಂಪ್ಯೂಟರ್ ಆ ಸುಮ್ನೆ ತಿರುಗುವ ಚಕ್ರಕ್ಕೆ ಮಾತ್ರ ಬ್ರೇಕ್ ಹಿಡಿದು, ಬಲವನ್ನು ಜೊತೆಯ ಚಕ್ರಕ್ಕೆ ತಲುಪಿಸುತ್ತದೆ.

ಒಣ ಟಾರ್ ರಸ್ತೆಯಲ್ಲಿ ಹಳೇ ಜೀಪಿಗೆ ಫೋರ್ ವೀಲ್ ಹಾಕುವುದೂ ತಪ್ಪು. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ದೊಡ್ಡ ವೃತ್ತದಲ್ಲಿ ಹೋಗುತ್ತವೆ. ಎರಡೂ ಆಕ್ಸಲುಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕಿದರೆ ನಡುವಿನ ಶಾಫ್ಟುಗಳು ಹಗ್ಗ ಹೊಸೆದಂತೆ ಬಿಗಿಯುತ್ತವೆ. ಮಣ್ಣಿನಲ್ಲಾದರೆ ಟಯರ್ ಸ್ವಲ್ಪ ಜಾರಿ ಬಿಗಿ ಸಡಿಲವಾಗುತ್ತದೆ, ಟಾರಿನಲ್ಲಿ ಜಾರಲು ಜಾಗವಿಲ್ಲ. ಸ್ಟೇರಿಂಗ್ ಗಟ್ಟಿಯಾಗುತ್ತದೆ, ಟಯರ್ ಸವೆಯುತ್ತದೆ, ಕೊನೆಗೆ ಏನಾದರೊಂದು ಮುರಿಯುತ್ತದೆ. ಇನ್ನು ಚಾರ್ಮಾಡಿಯ ಇಳಿಜಾರಿನಲ್ಲಿ ಬ್ರೇಕ್ ಹಿಡಿಯುವಾಗ ಫೋರ್ ವೀಲ್ ಎಂಬ ಧೈರ್ಯ ಬೇಡವೇ ಬೇಡ. ಬ್ರೇಕ್ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುತ್ತದೆ. ಒದ್ದೆ ರಸ್ತೆ ಜೀಪನ್ನೂ ಆಲ್ಟೋವನ್ನೂ ಒಂದೇ ಥರ ನೋಡುತ್ತದೆ.

ಚಿಕ್ಕಮಗಳೂರಿನ ಐ.ಜಿ. ರಸ್ತೆಯಲ್ಲಿ ಈಗ ನಿಲ್ಲುವ ಎತ್ತರದ, ಎದೆಯುಬ್ಬಿಸಿದ ಗಾಡಿಗಳಲ್ಲಿ ಹೆಚ್ಚಿನವು ಎರಡೇ ಚಕ್ರ ಎಳೆಯುವಂಥವು. ಜೀಪಿನ ಮುಖ ಮಾತ್ರ ಉಳಿದಿದೆ. ಅದರಲ್ಲಿ ತಪ್ಪೇನಿಲ್ಲ, ಟಾರ್ ರಸ್ತೆಗೆ ಅಷ್ಟೇ ಸಾಕು.

ಮುಂದೆ ತೋಟಕ್ಕೂ ಕರೆಂಟಿನ ಗಾಡಿಗಳು ಬಂದರೆ ಈ ಲೆಕ್ಕಗಳಲ್ಲಿ ಕೆಲವು ಬದಲಾಗುತ್ತವೆ. ಮೋಟಾರಿಗೆ ನಿಂತಲ್ಲಿಂದಲೇ ಪೂರ್ತಿ ಬಲ ಇರುತ್ತದೆ. ಮುಂದಕ್ಕೊಂದು, ಹಿಂದಕ್ಕೊಂದು ಮೋಟಾರ್ ಇಟ್ಟರೆ ನಡುವೆ ಶಾಫ್ಟೇ ಬೇಡ, ಬಿಗಿಯುವ ತಾಪತ್ರಯವೂ ಇಲ್ಲ. ಫರ್ಡಿನಾಂಡ್ ಪೋರ್ಷೆ 1900ರಲ್ಲೇ ನಾಲ್ಕು ಚಕ್ರಕ್ಕೂ ಒಂದೊಂದು ಮೋಟಾರ್ ಕೂರಿಸಿ ಇದನ್ನು ಮಾಡಿ ತೋರಿಸಿದ್ದ. ಅವನನ್ನು ಕಾಡಿದ್ದು ಬ್ಯಾಟರಿಯ ಭಾರ. ಆ ಕಾಟ ಇನ್ನೂ ಪೂರ್ತಿ ಹೋಗಿಲ್ಲ. ಒಂದು ಟನ್ನಿನ ಜೀಪು ಗದ್ದೆಯ ಅಂಚಿನಲ್ಲಿ ಹೂತರೆ ನಾಲ್ಕು ಜನ ಸೇರಿ ತಳ್ಳಬಹುದು. ಎರಡೂವರೆ ಟನ್ನಿನದ್ದು ಹೂತರೆ ಪಕ್ಕದ ತೋಟದ ಟ್ರಾಕ್ಟರಿಗೆ ಫೋನ್ ಮಾಡಬೇಕು.