ಚುಕ್ಕಿ ನೋಡುವ ಮೊದಲು ಅದರ ಕೆಳಗಿನ ಸಾಲು ಓದಿ

ಮಗುವಿಗೆ ಜಿಪಿಎಸ್ ವಾಚ್ ಕೊಳ್ಳಲು ಬರುವವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ‘ಲೈವ್ ತೋರಿಸುತ್ತಾ?’ ಡಬ್ಬದ ಮೇಲೂ ದಪ್ಪ ಅಕ್ಷರದಲ್ಲಿ ಅದೇ ಪದ. ಈ ಒಂದು ಪದವನ್ನು ನಂಬಿ ಸಂಜೆ ನಾಲ್ಕರ ಹೊತ್ತಿಗೆ ಗಾಬರಿ ಬೀಳುವ ಅಪ್ಪ ಅಮ್ಮಂದಿರಿಗೆ ಲೆಕ್ಕವಿಲ್ಲ. ವಾಚ್ ಕೆಟ್ಟಿರುವುದಿಲ್ಲ, ಮಗು ಎಲ್ಲೂ ಹೋಗಿರುವುದಿಲ್ಲ. ಆ್ಯಪ್‌ನ ನಕ್ಷೆಯಲ್ಲಿ ಮಗುವಿನ ಜಾಗ ತೋರಿಸುವ ಚುಕ್ಕಿಯನ್ನು ಮುಟ್ಟಿದರೆ ಕೆಳಗೆ ಸಣ್ಣದಾಗಿ ಒಂದು ಸಾಲು ತೆರೆದುಕೊಳ್ಳುತ್ತದೆ, ಅದನ್ನು ಯಾರೂ ಓದಿರುವುದಿಲ್ಲ, ಅಷ್ಟೇ.

ಆ ಸಾಲು ಹೆಚ್ಚುಕಡಿಮೆ ಹೀಗಿರುತ್ತದೆ: ‘3:12, ಎಲ್‌ಬಿಎಸ್, ಬ್ಯಾಟರಿ 41%’. ಮೊದಲನೆಯದು ಈ ಜಾಗ ಗೊತ್ತಾದ ಸಮಯ. ಎರಡನೆಯದು ಯಾವ ದಾರಿಯಿಂದ ಗೊತ್ತಾಯಿತು ಎಂಬುದು. ನಕ್ಷೆಯ ಚುಕ್ಕಿಗೆ ಈ ಎರಡೂ ಇಲ್ಲದೆ ಅರ್ಥವೇ ಇಲ್ಲ.

ದಾರಿ ಮೂರು. ಜಿಪಿಎಸ್ ಉಪಗ್ರಹಗಳಿರುವುದು ಸುಮಾರು 20,000 ಕಿ.ಮೀ. ಎತ್ತರದಲ್ಲಿ. ಅಲ್ಲಿಂದ ಬರುವ ಸಂಕೇತ ಬಹಳ ದುರ್ಬಲ. ಬಯಲಿನಲ್ಲಿ ನಿಂತರೆ 5ರಿಂದ 10 ಮೀಟರ್ ಒಳಗೆ ಜಾಗ ಸಿಗುತ್ತದೆ, ಆರ್‌ಸಿಸಿ ತಾರಸಿಯ ಕೆಳಗೆ ಅಥವಾ ತಗಡಿನ ಶೀಟಿನ ಕೆಳಗೆ ಸಿಗುವುದಿಲ್ಲ. ಆಗ ವಾಚ್ ಸುತ್ತಲಿನ ವೈಫೈಗಳ ಗುರುತು ಹಿಡಿದು ಅಂದಾಜು ಮಾಡುತ್ತದೆ, ತಪ್ಪು ಹತ್ತಾರು ಮೀಟರ್ ಇರಬಹುದು. ಅದೂ ಇಲ್ಲದಿದ್ದರೆ ಮೊಬೈಲ್ ಟವರ್ ಹಿಡಿಯುತ್ತದೆ. ಅದೇ ಎಲ್‌ಬಿಎಸ್. ಟವರ್ ದಟ್ಟವಾಗಿರುವ ಬೆಂಗಳೂರಿನಲ್ಲಿ ಕೆಲವು ನೂರು ಮೀಟರ್ ಆಚೀಚೆ ಆದರೆ, ಮಲೆನಾಡಿನಲ್ಲಿ ಒಂದೇ ಟವರ್ ಹಲವು ಕಿಲೋಮೀಟರ್ ನೋಡಿಕೊಳ್ಳುವ ಕಡೆ ತಪ್ಪೂ ಹಲವು ಕಿಲೋಮೀಟರ್.

ಮಗು ಶಾಲೆಯ ನೆಲಮಾಳಿಗೆಯಲ್ಲಿ ಸಂಗೀತದ ಕ್ಲಾಸಿನಲ್ಲಿ ಕೂತಿದೆ ಎಂದುಕೊಳ್ಳಿ. ಚುಕ್ಕಿ ಒಂದೂವರೆ ಕಿಲೋಮೀಟರ್ ಆಚೆ, ಕೆರೆಯ ದಂಡೆಯ ಮೇಲಿದೆ. ನೋಡಿದವರ ಎದೆ ಧಸಕ್ ಎನ್ನದೆ ಇದ್ದೀತೆ? ಕೆಳಗೆ ‘ಎಲ್‌ಬಿಎಸ್’ ಎಂದಿದ್ದರೆ ಅದು ಟವರಿನ ಅಂದಾಜು, ಮಗುವಿನ ಜಾಗವಲ್ಲ. ಇನ್ನು ಸಮಯ. ವಾಚ್ ಹತ್ತು ನಿಮಿಷಕ್ಕೊಮ್ಮೆ ಜಾಗ ಕಳಿಸುವಂತಿದ್ದರೆ, ಗಂಟೆಗೆ 30 ಕಿ.ಮೀ. ವೇಗದ ಶಾಲಾ ವ್ಯಾನ್ ಅಷ್ಟರಲ್ಲಿ 5 ಕಿ.ಮೀ. ಹೋಗಿರುತ್ತದೆ. ವಾಚ್‌ಗೆ ಸಿಗ್ನಲ್ ತಪ್ಪಿದರೆ ಹಳೆಯ ಚುಕ್ಕಿ ಅಲ್ಲೇ ನಿಂತಿರುತ್ತದೆ, ಹಲವು ಆ್ಯಪ್‌ಗಳಲ್ಲಿ ಬಣ್ಣವೂ ಬದಲಾಗುವುದಿಲ್ಲ. ಮಗು ಮನೆಗೆ ಬಂದು ಹಾಲು ಕುಡಿಯುತ್ತಿದ್ದರೂ ಚುಕ್ಕಿ ಇನ್ನೂ ಶಾಲೆಯ ಗೇಟಿನಲ್ಲೇ. ಉಲ್ಟಾ ಆಗುವುದೂ ಉಂಟು, ಅದೇ ಹೆಚ್ಚು ಅಪಾಯ: ಚುಕ್ಕಿ ಶಾಲೆಯಲ್ಲಿದೆ ಎಂದು ನಿಶ್ಚಿಂತೆಯಿಂದ ಕೂತಿರುತ್ತೀರಿ, ಅದು ಮುಕ್ಕಾಲು ಗಂಟೆ ಹಳೆಯದು.

ಆದ್ದರಿಂದ ಸಮಯ 15 ನಿಮಿಷಕ್ಕಿಂತ ಹಿಂದಿನದಾಗಿದ್ದರೆ, ಅಥವಾ ದಾರಿ ಎಲ್‌ಬಿಎಸ್ ಆಗಿದ್ದರೆ, ನಿಮಗೆ ಏನೂ ಗೊತ್ತಾಗಿಲ್ಲ ಎಂದೇ ತಿಳಿಯಿರಿ. ‘ರಿಫ್ರೆಶ್’ ಒತ್ತಿ ಎರಡು ನಿಮಿಷ ಕಾಯಿರಿ, ಇನ್ನೊಮ್ಮೆ ಒತ್ತಿ. ಬರಲಿಲ್ಲವೋ, ವಾಚ್‌ಗೆ ಕರೆ ಮಾಡಿ, ಆಮೇಲೆ ವ್ಯಾನ್ ಅಣ್ಣನಿಗೆ, ಆಮೇಲೆ ಶಾಲೆಯ ಆಫೀಸಿಗೆ. ಅಲ್ಲೂ ಸುಳಿವು ಸಿಗದಿದ್ದರೆ 112ಕ್ಕೆ ಅಥವಾ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ದಯವಿಟ್ಟು ಚುಕ್ಕಿ ಅಲ್ಲಾಡಲಿ ಎಂದು ಕಾಯುತ್ತಾ ಕೂರಬೇಡಿ.

‘ಹಾಗಾದರೆ ಒಂದು ನಿಮಿಷಕ್ಕೊಮ್ಮೆ ಕಳಿಸುವ ಹಾಗೆ ಇಟ್ಟರಾಯಿತಲ್ಲ?’ ಮಕ್ಕಳ ವಾಚ್‌ಗಳ ಬ್ಯಾಟರಿ ಸಾಮಾನ್ಯವಾಗಿ 400ರಿಂದ 700 ಎಂಎಎಚ್. ಬೆಳಿಗ್ಗೆಯಿಂದ ನಿಮಿಷಕ್ಕೊಮ್ಮೆ ಕಳಿಸಿದರೆ ಬೇಕಾದ ಹೊತ್ತಿಗೇ, ಅಂದರೆ ಶಾಲೆ ಬಿಡುವ ಹೊತ್ತಿಗೇ, ಬ್ಯಾಟರಿ ಖಾಲಿ. ವೇಳಾಪಟ್ಟಿ ಇಡಲು ಬರುವ ಮಾಡೆಲ್ ಆರಿಸಿ: ಹೋಗಿಬರುವ ಹೊತ್ತಿನಲ್ಲಿ ಒಂದೆರಡು ನಿಮಿಷಕ್ಕೊಮ್ಮೆ, ಕ್ಲಾಸಿನ ಹೊತ್ತಿನಲ್ಲಿ ಅರ್ಧ ಗಂಟೆಗೊಮ್ಮೆ ಸಾಕು. ಗಡಿ ದಾಟಿದರೆ ಎಚ್ಚರಿಸುವ ಜಿಯೋಫೆನ್ಸ್ ಹಾಕುವಾಗಲೂ ಆಸೆಬುರುಕತನ ಬೇಡ. 50 ಮೀಟರ್ ವೃತ್ತ ಹಾಕಿದರೆ ಮಗು ಡೆಸ್ಕಿನಲ್ಲಿ ಕೂತಿದ್ದಾಗಲೇ ಹತ್ತು ಸಲ ಗಂಟೆ ಹೊಡೆಯುತ್ತದೆ. ಮೂರನೇ ದಿನಕ್ಕೆ ಅಮ್ಮ ಆ ನೋಟಿಫಿಕೇಶನ್ ಮ್ಯೂಟ್ ಮಾಡಿರುತ್ತಾರೆ. 300 ಮೀಟರ್ ಇಡಿ.

ಬ್ಯಾಗಿಗೆ ಹಾಕುವ ಟ್ಯಾಗ್‌ಗಳ ವಿಷಯ ಬೇರೆ. 2021ರಲ್ಲಿ ಬಂದ ಆ್ಯಪಲ್‌ನ ಏರ್‌ಟ್ಯಾಗ್ ಆಗಲಿ, ಆ ಜಾತಿಯ ಉಳಿದವಾಗಲಿ, ಅವುಗಳಲ್ಲಿ ಜಿಪಿಎಸ್ಸೂ ಇಲ್ಲ, ಸಿಮ್ಮೂ ಇಲ್ಲ. ಪಕ್ಕದಲ್ಲಿ ಹಾದುಹೋಗುವ ಯಾರದೋ ಫೋನ್ ಅದರ ಬ್ಲೂಟೂತ್ ಕೇಳಿಸಿಕೊಂಡು ಜಾಗ ತಿಳಿಸಬೇಕು. ಏರ್‌ಟ್ಯಾಗ್‌ಗೆ ಬೇಕಾದ್ದು ಆ್ಯಪಲ್ ಸಾಧನ. ಎಂ.ಜಿ. ರಸ್ತೆಯಲ್ಲಿ ಸಲೀಸು, ಹಳ್ಳಿಯ ರಸ್ತೆಯಲ್ಲಿ ಗಂಟೆಗಟ್ಟಲೆ ಮೌನ. ಸಾಲದ್ದಕ್ಕೆ, ಕದ್ದು ಹಿಂಬಾಲಿಸುವುದನ್ನು ತಡೆಯಲು ಅದು ಒಡೆಯನಿಂದ ದೂರವಾಗಿ ಬೇರೆಯವರ ಜೊತೆ ಚಲಿಸಿದರೆ ಅವರ ಫೋನಿಗೆ ಎಚ್ಚರಿಕೆ ಹೋಗುತ್ತದೆ. 2023ರಿಂದ ಆ್ಯಂಡ್ರಾಯ್ಡ್ ಫೋನಿಗೂ. ಅಂದರೆ ದಿನಾ ವ್ಯಾನ್ ಓಡಿಸುವವರ ಫೋನ್ ಕೂಗಬಹುದು, ಮಗುವಿಗೆ ಕೇಡು ಬಯಸುವವರ ಫೋನೂ ಕೂಗಬಹುದು. ವಸ್ತು ಹುಡುಕಲು ಮಾಡಿದ್ದು, ಮಕ್ಕಳನ್ನಲ್ಲ ಎಂದು ಆ್ಯಪಲ್ಲೇ ಹೇಳಿದೆ. ಒಳಗಿರುವುದು ಸಿಆರ್2032, ಅಂದರೆ 20 ಮಿ.ಮೀ. ಅಗಲದ ಗುಂಡಿ ಬ್ಯಾಟರಿ. ಚಿಕ್ಕ ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಅಂಥದ್ದಾದರೆ ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಮನೆಯಲ್ಲಿ ಕೂಸಿದ್ದರೆ ಟ್ಯಾಗ್ ಬೇಡ ಎಂದೇ ಹೇಳುತ್ತೇನೆ.

ಸಿಮ್ ವಿಷಯಕ್ಕೆ ಬಂದರೆ, ಅಗ್ಗದ ವಾಚ್‌ಗಳಲ್ಲಿ ಬಹಳಷ್ಟು ಬರೀ 2ಜಿ. ಜಿಯೋಗೆ 2ಜಿ ಜಾಲವೇ ಇಲ್ಲ, ಹಾಗಾಗಿ ಜಿಯೋ ಸಿಮ್ ಹಾಕಿದರೆ ವಾಚ್ ಸತ್ತಂತೆ. 4ಜಿ ಎಂದು ಬರೆದಿದ್ದರೂ ಬ್ಯಾಂಡ್, ಅಂದರೆ ವಾಚ್ ಹಿಡಿಯಬಲ್ಲ ತರಂಗಾಂತರದ ಪಟ್ಟಿಯ ಸಂಖ್ಯೆ, ನೋಡಿ. ಜಿಯೋ ಬಳಸುವುದು 3, 5 ಮತ್ತು 40. ಹೊರದೇಶದ ಮಾರುಕಟ್ಟೆಗೆ ಮಾಡಿದ ವಾಚ್‌ನಲ್ಲಿ 5 ಮತ್ತು 40 ಇಲ್ಲದೆ ಇರಬಹುದು. ಸಿಮ್ ನಿಮ್ಮ ಹೆಸರಿನಲ್ಲಿರಲಿ. ಮೊದಲು ಫೋನಿಗೆ ಹಾಕಿ ಸಿಮ್ ಪಿನ್ ಲಾಕ್ ತೆಗೆಯಿರಿ, ಇಂಟರ್ನೆಟ್ ಬರುತ್ತಿದೆಯೇ ನೋಡಿ, ಆಮೇಲೆ ವಾಚ್‌ಗೆ ಹಾಕಿ. ‘ಹೊಸ ವಾಚ್ ಆನ್‌ಲೈನ್ ಬರುತ್ತಿಲ್ಲ’ ಎಂಬ ದೂರು ಬಹುಪಾಲು ಇಲ್ಲೇ ಮುಗಿಯುತ್ತದೆ. ರೀಚಾರ್ಜ್ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.

ಜನ ಕೇಳಲೇ ಕೇಳದ ಪ್ರಶ್ನೆಯೊಂದಿದೆ: ನೀವು ನೋಡುವ ಚುಕ್ಕಿಯನ್ನು ಇನ್ನು ಯಾರು ನೋಡಬಹುದು? ಮಗುವಿನ ಸುತ್ತಲಿನ ಮಾತನ್ನು ಗುಟ್ಟಾಗಿ ಆಲಿಸಬಲ್ಲ ವಾಚ್‌ಗಳನ್ನು ಜರ್ಮನಿ 2017ರಲ್ಲೇ ನಿಷೇಧಿಸಿ, ಮನೆಯಲ್ಲಿದ್ದರೆ ನಾಶಮಾಡಿ ಎಂದು ಪೋಷಕರಿಗೆ ಹೇಳಿತು. 2019ರಲ್ಲಿ ಭದ್ರತಾ ಸಂಶೋಧಕರು ಒಂದೇ ತಯಾರಕರ ಸುಮಾರು 6 ಲಕ್ಷ ಟ್ರ್ಯಾಕರ್‌ಗಳಿಗೆ 123456 ಎಂಬ ಒಂದೇ ಪಾಸ್‌ವರ್ಡ್ ಇದ್ದದ್ದನ್ನು ಬಯಲು ಮಾಡಿದರು. ಕೊಂಡ ದಿನವೇ ಆ್ಯಪ್ ಪಾಸ್‌ವರ್ಡ್ ಬದಲಿಸಿ. ಎಸ್‌ಎಂಎಸ್ ಆದೇಶ ಕೇಳುವ ವಾಚ್ ಆದರೆ ಅದಕ್ಕೆ ಬೇರೆ ಪಾಸ್‌ವರ್ಡ್ ಇರುತ್ತದೆ, ಅದನ್ನೂ ಬದಲಿಸಿ. ಪಟ್ಟಿಯಲ್ಲಿಲ್ಲದ ನಂಬರಿನ ಕರೆ ತಡೆಯುವ ಆಯ್ಕೆ ಹಾಕಿ. ದೂರದಿಂದ ಆಲಿಸುವ ಸೌಲಭ್ಯ ಆಫ್ ಮಾಡಿ, ಆಫ್ ಆಗದಿದ್ದರೆ ವಾಚ್ ವಾಪಸ್ ಮಾಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಸಂಖ್ಯೆ ಇದೆಯೇ ಎಂದು ಡಬ್ಬದ ಮೇಲೆ ನೋಡಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ತಾಳೆ ಹಾಕಿ. ಅದು ವಿದ್ಯುತ್ ಸುರಕ್ಷತೆಯ ಖಾತರಿ ಮಾತ್ರ, ಮಾಹಿತಿ ಸೋರುವುದಿಲ್ಲ ಎಂಬ ಖಾತರಿಯಲ್ಲ.

ವಾಪಸ್ ಕೊಡುವ ಅವಧಿ ಮುಗಿಯುವ ಮೊದಲು ಒಂದು ಶನಿವಾರ ಮಗುವನ್ನೂ ವಾಚನ್ನೂ ಕರೆದುಕೊಂಡು ಶಾಲೆಯ ದಾರಿಯಲ್ಲಿ ಹೋಗಿ. ಮನೆಯ ಗೇಟು, ವ್ಯಾನ್ ನಿಲ್ಲುವ ಜಾಗ, ಫ್ಲೈಓವರ್ ಕೆಳಗೆ, ಶಾಲೆಯ ಅಂಗಳ, ಟ್ಯೂಷನ್ ಮನೆಯ ಒಳಕೋಣೆ, ಒಂದೊಂದು ಕಡೆಯೂ ಐದು ನಿಮಿಷ ನಿಂತು ರಿಫ್ರೆಶ್ ಒತ್ತಿ. ಸಮಯ, ದಾರಿ, ಎಷ್ಟು ದೂರ ತಪ್ಪಿತು, ಮೂರನ್ನೂ ಚೀಟಿಯಲ್ಲಿ ಬರೆದುಕೊಂಡು ಫ್ರಿಜ್ ಮೇಲೆ ಅಂಟಿಸಿ. ಅಜ್ಜಿ ತಾತನೂ ಅದನ್ನು ಓದಲಿ. ಕೊನೆಗೆ ತುರ್ತು ಕರೆಯ ಎಸ್‌ಒಎಸ್ ಗುಂಡಿಯನ್ನು ಮಗುವಿನ ಕೈಯಿಂದಲೇ ಒತ್ತಿಸಿ. ಕೆಲವು ವಾಚ್‌ಗಳಲ್ಲಿ ಮೂರು ಸೆಕೆಂಡು ಒತ್ತಿ ಹಿಡಿಯಬೇಕು, ಆರು ವರ್ಷದ ಬೆರಳಿಗೆ ಅದು ಬಹಳ ಹೊತ್ತು. ಕರೆ ಹೋಗುವ ಪಟ್ಟಿಯಲ್ಲಿ ಮೊದಲ ನಂಬರು ಮಧ್ಯಾಹ್ನ ಮೂರೂವರೆಗೆ ನಿಜವಾಗಿ ಫೋನ್ ಎತ್ತುವವರದ್ದಿರಲಿ. ಮೀಟಿಂಗಿನಲ್ಲಿರುವ ಅಪ್ಪನಿಗಿಂತ ಮನೆಯಲ್ಲಿರುವ ಅಜ್ಜಿಯದ್ದೇ ಆಗಬಹುದು.