ಬೆನ್ನು, ಕತ್ತಿನ ನೋವಿಗೆ ಊಟದಲ್ಲಿ ಮದ್ದಿದೆಯೇ?

ಬೆನ್ನುನೋವು ಅಥವಾ ಕತ್ತುನೋವು ಎಂದು ಬರುವವರು ತಪಾಸಣೆ ಮುಗಿದು ಏಳುವ ಮುನ್ನ ತಪ್ಪದೆ ಕೇಳುವ ಮಾತೊಂದಿದೆ: ‘ಏನು ತಿನ್ನಬೇಕು, ಏನು ಬಿಡಬೇಕು?’ ಈ ಪ್ರಶ್ನೆಯನ್ನು ನಾನು ಎಂದೂ ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ತನ್ನ ನೋವಿಗೆ ತಾನೇ ಏನಾದರೂ ಮಾಡಿಕೊಳ್ಳಬೇಕೆಂಬ ಮನಸ್ಸು ಅದರ ಹಿಂದೆ ಇರುತ್ತದೆ. ಆದರೆ ನನ್ನ ಉತ್ತರ ಅವರು ಬಯಸಿದಷ್ಟು ಸರಳವಾಗಿರುವುದಿಲ್ಲ. ತಿಂದ ಕೂಡಲೇ ಬೆನ್ನುನೋವನ್ನು ಇಳಿಸುವ ಆಹಾರ ಯಾವುದೂ ಇಲ್ಲ. ಆಹಾರದ ಪರಿಣಾಮ ನಿಧಾನವಾದದ್ದು. ಅದು ಮೂಳೆ, ಸ್ನಾಯು, ರಕ್ತನಾಳ ಮತ್ತು ದೇಹತೂಕಗಳ ಮೂಲಕ ಬೆನ್ನನ್ನು ತಲುಪುತ್ತದೆ, ಮತ್ತು ಹಾಗೆ ಬಂದ ಪೋಷಣೆ ಮೈಗೆ ದಕ್ಕಬೇಕಾದರೆ ದೇಹ ಅಲುಗಾಡುತ್ತಿರಬೇಕು. ಆದ್ದರಿಂದ ಊಟವನ್ನೂ ಓಡಾಟವನ್ನೂ ಬೇರ್ಪಡಿಸಿ ಸಲಹೆ ಕೊಡುವುದು ನನಗೆ ಸರಿಕಾಣುವುದಿಲ್ಲ.

2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಸೊಂಟದ ಭಾಗದ ಬೆನ್ನುನೋವು ಇತ್ತೆಂದು ಅಂದಾಜು. 2050ರ ವೇಳೆಗೆ ಈ ಸಂಖ್ಯೆ 84 ಕೋಟಿಯನ್ನು ದಾಟಬಹುದೆಂಬ ಲೆಕ್ಕಾಚಾರವೂ ಇದೆ. ಇವರಲ್ಲಿ ನೂರಕ್ಕೆ ಸುಮಾರು ತೊಂಬತ್ತು ಮಂದಿಯ ನೋವಿಗೆ ಬೆರಳಿಟ್ಟು ತೋರಿಸಬಹುದಾದ ಒಂದೇ ಕಾರಣ ಸಿಗುವುದಿಲ್ಲ. ಎಂಆರ್‌ಐ ವರದಿಯಲ್ಲಿ ‘ಡಿಸ್ಕ್ (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ) ಸವೆದಿದೆ’ ಎಂದು ಓದಿ ಕಂಗಾಲಾದವರಿಗೆ ನಾನು ಒಂದು ವಿಷಯವನ್ನು ಹೇಳುತ್ತೇನೆ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ, 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇಪ್ಪತ್ತರ ವಯಸ್ಸಿನವರಲ್ಲಿ ಶೇ. 37ರಷ್ಟು ಮತ್ತು ಎಂಬತ್ತರ ವಯಸ್ಸಿನವರಲ್ಲಿ ಶೇ. 96ರಷ್ಟು ಮಂದಿಗೆ ಡಿಸ್ಕ್ ಸವೆತ ಕಂಡುಬಂದಿತ್ತು. ಸವೆತ ಎನ್ನುವುದು ಬಹುಮಟ್ಟಿಗೆ ವಯಸ್ಸಿನ ಗುರುತು. ಅದನ್ನು ರೋಗವೆಂದು ನಂಬಿ ಓಡಾಟವನ್ನು ಕಡಿಮೆ ಮಾಡಿಕೊಂಡವರ ಬೆನ್ನು, ಸವೆತದಿಂದ ಹಾಳಾಗುವುದಕ್ಕಿಂತ ಹೆಚ್ಚಾಗಿ ಆ ನಿಶ್ಚಲತೆಯಿಂದ ದುರ್ಬಲವಾಗುವುದನ್ನು ನಾನು ಕಾಣುತ್ತಲೇ ಇದ್ದೇನೆ.

ಉಳಿದ ಹತ್ತು ಮಂದಿಯ ವಿಷಯ ಬೇರೆ. ಅದನ್ನು ಇಲ್ಲಿಯೇ ಹೇಳಿಬಿಡಬೇಕು. ಮೂತ್ರ ಕಟ್ಟಿಕೊಳ್ಳುವುದು ಅಥವಾ ಮಲಮೂತ್ರದ ಮೇಲೆ ಹಿಡಿತ ತಪ್ಪುವುದು, ತೊಡೆಸಂದಿಯ ಸುತ್ತ ಮರಗಟ್ಟುವುದು, ಕಾಲಿನ ಬಲ ಕುಗ್ಗುತ್ತಾ ಹೋಗುವುದು ಕಂಡುಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಕತ್ತುನೋವಿನ ಜೊತೆಗೆ ಗುಂಡಿ ಹಾಕಿಕೊಳ್ಳಲಾಗದಷ್ಟು ಕೈಬೆರಳು ತಡವರಿಸಿದರೆ ಅಥವಾ ನಡಿಗೆ ತೂರಾಡಿದರೆ ಅದೂ ತಡಮಾಡುವ ವಿಷಯವಲ್ಲ. ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿದ್ದುದು, ಬಿದ್ದು ಪೆಟ್ಟಾಗಿರುವುದು, ಮಲಗಿದರೂ ಬಿಡದ ರಾತ್ರಿಯ ನೋವು, ಇವು ಯಾವುವಿದ್ದರೂ ಮೊದಲು ವೈದ್ಯರ ಪರೀಕ್ಷೆ ಆಗಬೇಕು. ಮುಂದೆ ನಾನು ಹೇಳುವುದೆಲ್ಲ ಇಂಥ ಲಕ್ಷಣಗಳಿಲ್ಲದವರಿಗೆ.

ಬೆನ್ನುಮೂಳೆಯ ಮಣಿಗಳ ನಡುವೆ ಇರುವ 23 ಡಿಸ್ಕ್‌ಗಳು ದೇಹದಲ್ಲಿ ವಿಶೇಷವಾದವು. ವಯಸ್ಕರಲ್ಲಿ ಡಿಸ್ಕಿನ ಒಳಭಾಗಕ್ಕೆ ರಕ್ತನಾಳಗಳೇ ಹೋಗುವುದಿಲ್ಲ. ಮೇಲಿನ ಮತ್ತು ಕೆಳಗಿನ ಮಣಿಗಳ ಅಂಚಿನಲ್ಲಿರುವ ಸೂಕ್ಷ್ಮ ರಕ್ತನಾಳಗಳಿಂದ ಆಮ್ಲಜನಕ, ಸಕ್ಕರೆ ಮೊದಲಾದವು ತೆಳುವಾದ ಪದರದ ಮೂಲಕ ಒಳಗೆ ಇಳಿಯಬೇಕು. ದಿನವಿಡೀ ದೇಹದ ಹೊರೆ ಬಿದ್ದಾಗ ಡಿಸ್ಕಿನಿಂದ ಸ್ವಲ್ಪ ನೀರು ಹೊರಹೋಗುತ್ತದೆ, ರಾತ್ರಿ ಮಲಗಿದಾಗ ಮತ್ತೆ ಒಳಬರುತ್ತದೆ. ಬೆಳಿಗ್ಗೆ ಎದ್ದಾಗ ನಮ್ಮ ಎತ್ತರ ಸಂಜೆಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಹೆಚ್ಚಿರುವುದು ಇದರಿಂದಲೇ. ಹೆಚ್ಚು ನೀರು ಕುಡಿದರೆ ಡಿಸ್ಕ್ ತುಂಬಿಕೊಳ್ಳುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ನಿಜವಲ್ಲ. ನೀರನ್ನು ಹಿಡಿದಿಡುವುದು ಡಿಸ್ಕಿನ ಒಳಗಿನ ಜೀವಕೋಶಗಳು ತಯಾರಿಸುವ ವಸ್ತು, ಮತ್ತು ಆ ಕೋಶಗಳು ಚೆನ್ನಾಗಿರುವುದು ಮಣಿಗಳ ಅಂಚಿನ ಆ ಸಣ್ಣ ರಕ್ತನಾಳಗಳು ಚೆನ್ನಾಗಿದ್ದಾಗ. ಸೊಂಟದ ಭಾಗಕ್ಕೆ ರಕ್ತ ಕೊಡುವ ನಾಳಗಳು ಕೊಬ್ಬು ಕಟ್ಟಿ ಕಿರಿದಾದವರಲ್ಲಿ ಡಿಸ್ಕ್ ಸವೆತ ಹೆಚ್ಚಾಗಿ ಕಾಣುತ್ತದೆ ಎಂಬುದನ್ನು ಇದರೊಂದಿಗೆ ಸೇರಿಸಿ ನೋಡಬೇಕು. ಹೃದಯಕ್ಕೆ ಒಳ್ಳೆಯದಾದ ಊಟವೇ ಬೆನ್ನಿಗೂ ಒಳ್ಳೆಯದು ಎಂದು ನಾನು ಹೇಳುವುದು ಈ ಕಾರಣಕ್ಕೆ. ಧೂಮಪಾನವನ್ನು ಬಿಡಿ ಎಂದು ಬೆನ್ನಿನ ವೈದ್ಯರು ಒತ್ತಿ ಹೇಳುವುದೂ ಇದೇ ಕಾರಣಕ್ಕೆ. ನಿಕೋಟಿನ್ ಈ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ.

ಹಾಗಾದರೆ ತಟ್ಟೆಯಲ್ಲಿ ಏನಿರಬೇಕು? ತರಕಾರಿ, ಸೊಪ್ಪು, ಹಣ್ಣು, ಕಾಳುಗಳು, ತೌಡು ತೆಗೆಯದ ಧಾನ್ಯ, ಬೀಜಗಳು, ತಿನ್ನುವವರಿಗೆ ಮೀನು ಹೆಚ್ಚಾಗಿರಲಿ. ಕರಿದದ್ದು, ಸಕ್ಕರೆ ಬೆರೆಸಿದ ಪಾನೀಯ, ಪೊಟ್ಟಣದ ತಿನಿಸು ಕಡಿಮೆಯಿರಲಿ. ಇದು ಹೊಸ ಮಾತೇನೂ ಅಲ್ಲ. ಬೆನ್ನುನೋವಿನವರಲ್ಲಿ ನನಗೆ ಹೆಚ್ಚು ಚಿಂತೆ ತರುವುದು ಪ್ರೋಟೀನಿನ ಕೊರತೆ. ಬೆನ್ನನ್ನು ಹಿಡಿದು ನಿಲ್ಲಿಸುವುದು ಅದರ ಇಕ್ಕೆಲದ ಸ್ನಾಯುಗಳು. ಮಧ್ಯವಯಸ್ಸು ದಾಟಿದ ಮೇಲೆ ಸ್ನಾಯು ತಾನಾಗಿಯೇ ಕರಗುತ್ತಾ ಹೋಗುತ್ತದೆ, ನೋವೆಂದು ಮಲಗಿದರೆ ಇನ್ನೂ ಬೇಗ ಕರಗುತ್ತದೆ. ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.8 ಗ್ರಾಂ ಪ್ರೋಟೀನ್ ವಯಸ್ಕರಿಗೆ ಕನಿಷ್ಠವಾಗಿ ಬೇಕು, ಅಂದರೆ 60 ಕಿಲೋ ತೂಗುವವರಿಗೆ 48 ಗ್ರಾಂ. ಅರವತ್ತೈದು ದಾಟಿದವರಿಗೆ ಇದು 1ರಿಂದ 1.2 ಗ್ರಾಂವರೆಗೆ ಇರುವುದು ಒಳ್ಳೆಯದೆಂದು ಹಲವು ತಜ್ಞರು ಹೇಳುತ್ತಾರೆ. ಮೂತ್ರಪಿಂಡದ ಕಾಯಿಲೆ ಇರುವವರು ಮಾತ್ರ ತಮ್ಮ ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬಾರದು. ಒಂದೇ ಹೊತ್ತಿನಲ್ಲಿ ಹೊಟ್ಟೆ ತುಂಬ ತಿನ್ನುವ ಬದಲು ಪ್ರತಿ ಊಟದಲ್ಲೂ ಕಾಳು, ಮೊಸರು, ಮೊಟ್ಟೆ, ಮೀನು ಇವುಗಳಲ್ಲಿ ಯಾವುದಾದರೂ ಒಂದು ಇರುವಂತೆ ನೋಡಿಕೊಳ್ಳಬೇಕು. ಮೂಳೆ, ಡಿಸ್ಕ್‌ಗಳಲ್ಲಿ ಇರುವ ಪ್ರೋಟೀನಾದ ಕೊಲಾಜನ್‌ನ ಪುಡಿಗಳ ಬಗ್ಗೆಯೂ ಜನ ಕೇಳುತ್ತಾರೆ. ನಾವು ತಿಂದ ಕೊಲಾಜನ್ ಜೀರ್ಣವಾಗುವಾಗ ಒಡೆದುಹೋಗುತ್ತದೆ, ಇದ್ದ ರೂಪದಲ್ಲಿ ನೇರವಾಗಿ ಡಿಸ್ಕಿಗೆ ಹೋಗಿ ಸೇರುವುದಿಲ್ಲ. ಆ ಹಣವನ್ನು ಒಳ್ಳೆಯ ಊಟಕ್ಕೆ ಬಳಸುವುದೇ ಲೇಸು.

ಮೂಳೆಯ ಮಾತಿಗೆ ಬಂದರೆ, ವಯಸ್ಕರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 250 ಮಿಲಿಲೀಟರ್ ಹಾಲಿನಲ್ಲಿ ಇದರ ಮೂರನೆಯ ಒಂದು ಭಾಗಕ್ಕೆ ಹತ್ತಿರ ಹತ್ತಿರ ಸಿಗುತ್ತದೆ. ಕ್ಯಾಲ್ಸಿಯಂ ಕರುಳಿನಿಂದ ರಕ್ತಕ್ಕೆ ಸರಿಯಾಗಿ ಸೇರಲು ವಿಟಮಿನ್ ಡಿ ಬೇಕು. ವಿಟಮಿನ್ ಡಿ ತೀರಾ ಕಡಿಮೆಯಾದಾಗ ಮೂಳೆ ಮೆದುವಾಗಿ ಸೊಂಟ, ತೊಡೆಗಳಲ್ಲಿ ಮಂದವಾದ ನೋವು ಹರಡಿಕೊಳ್ಳುತ್ತದೆ. ಕುಳಿತಲ್ಲಿಂದ ಏಳುವುದಕ್ಕೆ, ಮೆಟ್ಟಿಲು ಹತ್ತುವುದಕ್ಕೆ ಬಲ ಸಾಲದಾಗುತ್ತದೆ. ಇದನ್ನು ಸಾಮಾನ್ಯ ಬೆನ್ನುನೋವೆಂದು ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚಿಕೊಂಡವರನ್ನು ಕಂಡಿದ್ದೇನೆ. ಮನೆಯೊಳಗೇ ಇರುವವರು, ಮೈತುಂಬ ಬಟ್ಟೆ ತೊಡುವವರು, ವಯಸ್ಸಾದವರು ಒಮ್ಮೆ ರಕ್ತಪರೀಕ್ಷೆ ಮಾಡಿಸಿಕೊಳ್ಳುವುದು ಸರಿ. ಆದರೆ ಕೊರತೆ ಇಲ್ಲದವರಿಗೆ ವಿಟಮಿನ್ ಡಿ ಮಾತ್ರೆಯಿಂದ ನೋವು ಇಳಿಯುವುದಿಲ್ಲ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ.

ನೋವಿರುವವರು ಹೇಳಿಕೊಳ್ಳಲು ಸಂಕೋಚಪಡುವ ಇನ್ನೊಂದು ವಿಷಯ ಮಲಬದ್ಧತೆ. ತಿಣುಕಿದಾಗ ಹೊಟ್ಟೆಯೊಳಗಿನ ಒತ್ತಡ ಏರಿ ಡಿಸ್ಕಿನ ಮೇಲೂ ಬೀಳುತ್ತದೆ. ಕೆಮ್ಮಿದಾಗ, ಸೀನಿದಾಗ ಬೆನ್ನು ಹಿಡಿದುಕೊಳ್ಳುವುದೂ ಹೀಗೆಯೇ. ಕೆಲವು ಬಲವಾದ ನೋವಿನ ಮಾತ್ರೆಗಳೇ ಮಲಬದ್ಧತೆಯನ್ನು ತರುತ್ತವೆ. ನಾರಿನಂಶ ಹೆಚ್ಚಿರುವ ಊಟ ಮತ್ತು ಸಾಕಷ್ಟು ನೀರು ಮಲಬದ್ಧತೆಯನ್ನು ತಗ್ಗಿಸಿ ಬೆನ್ನಿಗೆ ನೆರವಾಗುತ್ತವೆ.

ಇನ್ನು ಅಭ್ಯಾಸಗಳು. ಸರಿಯಾದ ಭಂಗಿ ಯಾವುದು ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ಎಷ್ಟೇ ಸರಿಯಾದ ಭಂಗಿಯೂ ಎರಡು ಗಂಟೆ ಬದಲಾಗದೆ ಉಳಿದರೆ ನೋವು ತರುತ್ತದೆ. ತಲೆಯ ತೂಕ ಸುಮಾರು 5 ಕಿಲೋ. ಫೋನ್ ನೋಡಲು ಅದನ್ನು 60 ಡಿಗ್ರಿ ಬಾಗಿಸಿದರೆ ಕತ್ತಿನ ಮೇಲೆ ಬೀಳುವ ಹೊರೆ 27 ಕಿಲೋಗೆ ಏರುತ್ತದೆಂದು 2014ರ ಒಂದು ಲೆಕ್ಕಾಚಾರ ಹೇಳಿತು. ಈ ಅಂಕಿಯನ್ನು ಓದಿ ಹೆದರಿದವರು ಬಹಳ. ಆದರೆ ಕತ್ತು ಇರುವುದೇ ಬಾಗಲು. ಬಾಗುವುದರಿಂದ ಅದು ಕೆಡುವುದಿಲ್ಲ, ಬಾಗಿಸಿ ಹಾಗೆಯೇ ಬಿಟ್ಟಾಗ ಹಿಂಬದಿಯ ಸ್ನಾಯುಗಳು ದಣಿದು ನೋಯುತ್ತವೆ. ಫೋನನ್ನು ಮುಖದ ಎತ್ತರಕ್ಕೆ ತನ್ನಿ, ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿರಲಿ, ಮೊಣಕೈಗೆ ಆಸರೆ ಇರಲಿ. ಇವೆಲ್ಲಕ್ಕಿಂತ ಮುಖ್ಯವಾಗಿ ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ಓಡಾಡಿ. ದುಬಾರಿ ಕುರ್ಚಿ ಕೊಂಡವರು ಅದರಲ್ಲೇ ಇನ್ನಷ್ಟು ಹೊತ್ತು ಕುಳಿತುಬಿಡುವುದನ್ನು ನೋಡಿ ನನಗೆ ಕಳವಳವಾಗುತ್ತದೆ.

ಬೆಳಗಿನ ಹೊತ್ತು ಎಚ್ಚರ ಬೇಕು. ರಾತ್ರಿ ನೀರು ತುಂಬಿಕೊಂಡ ಡಿಸ್ಕ್‌ಗಳು ಆಗ ಬಿಗಿಯಾಗಿರುವುದರಿಂದ ಮುಂದಕ್ಕೆ ಬಾಗಿದಾಗ ಅವುಗಳ ಮೇಲೆ ಒತ್ತಡ ಹೆಚ್ಚು ಬೀಳುತ್ತದೆ. ಎದ್ದ ಮೊದಲ ಒಂದೆರಡು ಗಂಟೆ ಬಾಗುವುದನ್ನು ಮಿತಗೊಳಿಸಿದ ದೀರ್ಘಕಾಲದ ಬೆನ್ನುನೋವಿನವರಲ್ಲಿ ನೋವು ಕಡಿಮೆಯಾದುದನ್ನು 1998ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಭಾರ ಎತ್ತುವುದು, ಕಾಲ್ಬೆರಳು ಮುಟ್ಟುವ ವ್ಯಾಯಾಮ, ಬಗ್ಗಿ ನೆಲ ಒರೆಸುವುದು ಇವನ್ನೆಲ್ಲ ಸ್ವಲ್ಪ ತಡವಾಗಿ ಮಾಡಿದರೆ ನಷ್ಟವೇನಿಲ್ಲ. ನಿದ್ರೆಯ ವಿಷಯದಲ್ಲಿ, ಹಲಗೆಯಷ್ಟು ಗಟ್ಟಿಯಾದ ಹಾಸಿಗೆಯೇ ಬೆನ್ನಿಗೆ ಮೇಲು ಎಂಬ ಹಳೆಯ ನಂಬಿಕೆಯನ್ನು ಬಿಡಬಹುದು: 313 ಮಂದಿಯ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಧ್ಯಮ ಗಟ್ಟಿತನದ ಹಾಸಿಗೆಯವರಿಗೇ ಹೆಚ್ಚು ಉಪಶಮನ ಸಿಕ್ಕಿತ್ತು. ಕತ್ತುನೋವಿನವರು ಎರಡು ದಿಂಬು ಒಟ್ಟಿಕೊಳ್ಳದೆ, ತಲೆ ಎದೆಯ ನೇರಕ್ಕೆ ನಿಲ್ಲುವಷ್ಟೇ ಎತ್ತರದ ಒಂದನ್ನು ಬಳಸಲಿ. ನಿದ್ರೆಗೆಟ್ಟ ಮರುದಿನ ಅದೇ ನೋವು ಹೆಚ್ಚಾಗಿ ತೋರುವುದು ಭ್ರಮೆಯಲ್ಲ. ನಿದ್ರೆ ಕಡಿಮೆಯಾದಾಗ ನೋವನ್ನು ತಾಳುವ ಶಕ್ತಿ ನಿಜಕ್ಕೂ ಕುಗ್ಗುತ್ತದೆ.

ನೋವು ಬಂದಾಗ ಎಷ್ಟು ದಿನ ಮಲಗಬೇಕು ಎಂಬ ಪ್ರಶ್ನೆಗೆ 1986ರಲ್ಲೇ ಉತ್ತರ ಸಿಕ್ಕಿತ್ತು. ಆ ವರ್ಷ ಪ್ರಕಟವಾದ ಅಧ್ಯಯನವೊಂದರಲ್ಲಿ ಏಳು ದಿನ ಮಲಗಿದವರಿಗಿಂತ ಎರಡೇ ದಿನ ಮಲಗಿದವರು ಬೇಗ ಕೆಲಸಕ್ಕೆ ಮರಳಿದರು, ನೋವಿನಲ್ಲಿ ಮಾತ್ರ ಹೆಚ್ಚಿನ ವ್ಯತ್ಯಾಸವಿರಲಿಲ್ಲ. ಇಂದು ನಾವು ಸಾಧ್ಯವಾದಷ್ಟು ಎದ್ದು ಓಡಾಡಿ ಎನ್ನುತ್ತೇವೆ. ನೋವು ಹೋದ ಮೇಲೆ ಏನು ಮಾಡುತ್ತೀರಿ ಎಂಬುದು ಅದಕ್ಕಿಂತ ಮುಖ್ಯ, ಏಕೆಂದರೆ ಬೆನ್ನುನೋವು ಮರುಕಳಿಸುವ ಸ್ವಭಾವದ್ದು. ಆಸ್ಟ್ರೇಲಿಯಾದಲ್ಲಿ ಬೆನ್ನುನೋವಿನಿಂದ ಆಗಷ್ಟೇ ಚೇತರಿಸಿಕೊಂಡ 701 ಮಂದಿಯ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಫಿಸಿಯೋಥೆರಪಿಸ್ಟರ ಮಾರ್ಗದರ್ಶನದಲ್ಲಿ ಕ್ರಮೇಣ ನಡಿಗೆಯನ್ನು ಹೆಚ್ಚಿಸಿಕೊಂಡವರ ಗುಂಪಿನಲ್ಲಿ ನೋವು ಮರಳಲು ಹಿಡಿದ ಮಧ್ಯಕ ಅವಧಿ (ಗುಂಪಿನ ಅರ್ಧದಷ್ಟು ಮಂದಿಗೆ ನೋವು ಮರಳುವಷ್ಟರಲ್ಲಿ ಕಳೆದ ಕಾಲ) 208 ದಿನ. ಏನನ್ನೂ ಮಾಡದವರಲ್ಲಿ 112 ದಿನ. ಗುರಿ ಇದ್ದದ್ದು ಆರು ತಿಂಗಳಲ್ಲಿ ವಾರಕ್ಕೆ ಐದು ಸಲ, ಪ್ರತಿ ಸಲ ಅರ್ಧ ಗಂಟೆ ನಡೆಯುವ ಮಟ್ಟಕ್ಕೆ ಬರುವುದು. ನಾನು ಮೊದಲ ವಾರ ಹತ್ತು ನಿಮಿಷಕ್ಕಿಂತ ಹೆಚ್ಚು ಹೇಳುವುದಿಲ್ಲ. ಮರುದಿನ ನೋವು ಏರದಿದ್ದರೆ ವಾರಕ್ಕೆ ಐದು ನಿಮಿಷ ಸೇರಿಸಿ. ಏರಿದರೆ ನಿಲ್ಲಿಸದೆ, ಹಿಂದಿನ ವಾರದ ಅಳತೆಗೆ ಇಳಿದು ಅಲ್ಲಿಂದ ಮುಂದುವರಿಸಿ.