ಇಕೋ ಆರ್ ಒನ್ ಯಾವ ಮನೆತನದ್ದು?

ಹೋದ ತಿಂಗಳು ನಮ್ಮ ಲ್ಯಾಬಿನಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗಿಯೊಬ್ಬಳು ಸಪ್ಪೆ ಮುಖ ಹಾಕಿಕೊಂಡು, ಡಿಎನ್‌ಎ ತುಂಡುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ತೋರಿಸುವ ಜೆಲ್‌ನ ಫೋಟೊ ತಂದಳು. ಬಂಗಾರಪೇಟೆ ಕಡೆಯ ತೋಟದಿಂದ ಮುರುಟಿದ ಟೊಮೆಟೊ ಎಲೆ ತಂದು, ಅದರಲ್ಲಿದ್ದ ವೈರಸ್‌ನ ಡಿಎನ್‌ಎ ತುಂಡನ್ನು ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರಕ್ಕೆ ಸೇರಿಸಿ, ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಬೆಳೆಸಿ, ಬಿಸಿಎಲ್ ಒನ್ ಎಂಜೈಮ್ ಹಾಕಿದ್ದಳು. ಇದು, ಇಕೋ ಆರ್ ಒನ್ ಥರ, ಡಿಎನ್‌ಎ ಕತ್ತರಿಸುವ ರಿಸ್ಟ್ರಿಕ್ಷನ್ ಎಂಜೈಮ್, ಅಂದರೆ ಒಂದು ಕತ್ತರಿ. ಎಲ್ಲೂ ಕತ್ತರಿಸಿಲ್ಲ. 'ಕರೆಂಟ್ ಹೋಗಿ ಎಂಜೈಮ್ ಕೆಟ್ಟಿದೆ ಸರ್' ಅಂದಳು. ಕೋಲಾರದಲ್ಲಿ ಯಾವ ತಪ್ಪನ್ನಾದರೂ ಕರೆಂಟ್ ಮೇಲೆ ಹಾಕಬಹುದು, ಅಲ್ವಾ?

ಎಂಜೈಮ್ ಚೆನ್ನಾಗಿಯೇ ಇತ್ತು. ಬಿಸಿಎಲ್ ಒನ್ ಹುಡುಕುವ ಜಾಗ ಟಿಜಿಎಟಿಸಿಎ ಎಂಬ ಆರು ಡಿಎನ್‌ಎ ಅಕ್ಷರ. ಅದರ ನಡುವಿನ ಜಿಎಟಿಸಿಯಲ್ಲಿರುವ ಎ ಅಕ್ಷರಕ್ಕೆ ಇ. ಕೋಲೈನ ಡ್ಯಾಮ್ ಎಂಜೈಮ್ ಮೀಥೈಲ್ ಎಂಬ ಸಣ್ಣ ರಾಸಾಯನಿಕ ಗುರುತು ಅಂಟಿಸಿಬಿಡುತ್ತದೆ. ಆಗ ಬಿಸಿಎಲ್ ಒನ್ ಅದನ್ನು ಮುಟ್ಟುವುದಿಲ್ಲ. 'ಆದರೆ ಇನ್ನೊಂದು ಕತ್ತರಿ ಬ್ಯಾಮ್ ಎಚ್ ಒನ್ ಕತ್ತರಿಸಿತಲ್ಲ, ಅದರ ಜಾಗದಲ್ಲೂ ಜಿಎಟಿಸಿ ಇದೆ, ಎರಡೂ ಒಂದೇ ಫ್ಯಾಮಿಲಿ ತಾನೆ?' ಎಂದು ಕೇಳಿದಳು. ಒಳ್ಳೆಯ ಪ್ರಶ್ನೆ. ಗೊಂದಲ ಇರುವುದು ಆ ಫ್ಯಾಮಿಲಿ ಅನ್ನುವ ಮಾತಿನಲ್ಲೇ.

ಹೆಸರು ನಮ್ಮ ಇನಿಷಿಯಲ್ ಇದ್ದ ಹಾಗೆ. ಮುಳಬಾಗಿಲಿನವರು ಹೆಸರಿನ ಮುಂದೆ ಎಂ ಹಾಕಿಕೊಳ್ಳುತ್ತಾರೆ, ಅದರಿಂದ ಊರು ತಿಳಿಯುತ್ತದೆ, ಕಸುಬು ತಿಳಿಯುವುದಿಲ್ಲ. ಇಕೋ ಆರ್ ಒನ್‌ನಲ್ಲಿ ಇಕೋ ಅಂದರೆ ಎಶೆರಿಕಿಯಾ ಕೋಲೈ, ಆರ್ ಅಂದರೆ ಆರ್‌ವೈ13 ಎಂಬ ತಳಿ, ಒನ್ ಅಂದರೆ ಅದರಲ್ಲಿ ಸಿಕ್ಕ ಮೊದಲನೆಯದು. 1973ರಲ್ಲಿ ಸ್ಮಿತ್ ಮತ್ತು ನೇಥನ್ಸ್ ಸೂಚಿಸಿದ ಕ್ರಮ ಇದು. ಬ್ಯಾಮ್, ಬಿಸಿಎಲ್ ಎರಡೂ ಬ್ಯಾಸಿಲಸ್ ಎಂಬ ಬ್ಯಾಕ್ಟೀರಿಯಾದ ಊರಿನವು. ಅಷ್ಟೇ.

ಕತ್ತರಿಗಳನ್ನು ವಿಂಗಡಿಸುವ ಟೈಪ್ ಅನ್ನುವುದು ಕಸುಬು. ಟೈಪ್ ಒಂದು ಗುರುತಿಸುವುದು ಒಂದು ಜಾಗ, ಜೀವಕೋಶದ ಇಂಧನವಾದ ಎಟಿಪಿ ಖರ್ಚು ಮಾಡುತ್ತಾ ಡಿಎನ್‌ಎ ಎಳೆದುಕೊಂಡು ಹೋಗಿ ಕತ್ತರಿಸುವುದು ಸಾವಿರಾರು ಅಕ್ಷರ ಆಚೆ, ಎಲ್ಲೋ ಒಂದು ಕಡೆ. ಲ್ಯಾಬಿನಲ್ಲಿ ಕತ್ತರಿಸಲು ಪ್ರಯೋಜನವಿಲ್ಲ. ಟೈಪ್ ಎರಡು ಗುರುತಿಸಿದ ಜಾಗದಲ್ಲೇ ಅಥವಾ ಪಕ್ಕದಲ್ಲಿ ಕತ್ತರಿಸುತ್ತದೆ, ನಾವು ಫ್ರೀಜರ್‌ನಲ್ಲಿ ಇಡುವುದೆಲ್ಲ ಹೆಚ್ಚುಕಡಿಮೆ ಇವೇ. ಟೈಪ್ ಮೂರು ಸುಮಾರು 25 ಅಕ್ಷರ ಆಚೆ ಕತ್ತರಿಸುತ್ತದೆ. ಟೈಪ್ ನಾಲ್ಕು ಮೀಥೈಲ್‌ನಂಥ ಗುರುತು ಇದ್ದರೆ ಮಾತ್ರ ಕತ್ತರಿಸುತ್ತದೆ, ಉಳಿದವಕ್ಕೆ ಉಲ್ಟಾ. ಡಿಪಿಎನ್ ಒನ್ ಕೂಡ ಮೀಥೈಲ್ ಇರುವ ಜಿಎಟಿಸಿಯನ್ನೇ ಕತ್ತರಿಸುತ್ತದೆ, ಆದರೂ ಅದನ್ನು ಟೈಪ್ ಎರಡರಲ್ಲೇ ಇಟ್ಟಿದ್ದಾರೆ, ಯಾಕೆಂದರೆ ಅದು ಕತ್ತರಿಸುವ ಜಾಗ ಖಚಿತ. ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಯಾರಾದರೂ ಒಬ್ಬರು ಜಗಳಕ್ಕೆ ಬರುತ್ತಾರೆ. ಬರಲಿ.

ಇನ್ನು ರಕ್ತಸಂಬಂಧ. ಅದು ಬೇರೆಯೇ ಲೆಕ್ಕ. ಇಕೋ ಆರ್ ಒನ್ ಮತ್ತು ಆರ್‌ಎಸ್‌ಆರ್ ಒನ್ ಬೇರೆ ಬೇರೆ ಬ್ಯಾಕ್ಟೀರಿಯಾದವು, ಆದರೆ ಅವುಗಳ ಅಮೈನೊ ಆಮ್ಲಗಳಲ್ಲಿ ಹೆಚ್ಚುಕಡಿಮೆ ಅರ್ಧ ಒಂದೇ. ಎರಡೂ ಹುಡುಕುವುದು ಜಿಎಎಟಿಟಿಸಿಯನ್ನೇ. ಅದೇ ಟೈಪ್ ಎರಡರಲ್ಲಿರುವ ಕೆಪಿಎನ್ ಒನ್‌ನ ಕತ್ತರಿಸುವ ಭಾಗ ಎಚ್‌ಎನ್‌ಎಚ್ ಅನ್ನುವ ಬೇರೆ ಮನೆತನದ್ದು. ಬಿಎಫ್‌ಐ ಒನ್ ಇನ್ನೂ ವಿಚಿತ್ರ, ಅದಕ್ಕೆ ಮೆಗ್ನೀಸಿಯಮ್ಮೂ ಬೇಡ. ಒಂದೇ ಕಸುಬು ಅಂತ ಅಣ್ಣತಮ್ಮಂದಿರು ಅನ್ನೋಕಾಗುತ್ತಾ?

ಕತ್ತರಿಯಿಂದ ಬ್ಯಾಕ್ಟೀರಿಯಾದ ಸ್ವಂತ ಡಿಎನ್‌ಎ ಉಳಿಸಲು ಜೊತೆಗಿರುವ, ಮೀಥೈಲ್ ಅಂಟಿಸುವ ಎಂಜೈಮ್‌ಗಳ ವಿಷಯದಲ್ಲಿ ಇಷ್ಟು ಕಷ್ಟವಿಲ್ಲ. ಅವುಗಳಲ್ಲಿ ಕೆಲವು ತುಣುಕುಗಳು ಹೆಚ್ಚು ಬದಲಾಗದೆ ಉಳಿದಿವೆ. ಹಾಗಾಗಿ ಹೊಸ ಬ್ಯಾಕ್ಟೀರಿಯಾದ ಜೀನೋಮ್ ಕೈಗೆ ಬಂದಾಗ ನಾನು ಕತ್ತರಿ ಹುಡುಕುವುದಿಲ್ಲ, ಮೊದಲು ಮೀಥೈಲ್ ಅಂಟಿಸುವ ಜೀನ್ ಹುಡುಕುತ್ತೇನೆ, ಆಮೇಲೆ ಅದರ ಪಕ್ಕದ ಮನೆ ನೋಡುತ್ತೇನೆ. ಕತ್ತರಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ, ಆದರೆ ಗೊತ್ತಿರುವ ಯಾವುದಕ್ಕೂ ಅದು ಹೋಲದೆ ಇರಬಹುದು.

ಹುಡುಗಿ ಡ್ಯಾಮ್ ಇಲ್ಲದ ತಳಿಯಲ್ಲಿ ಪ್ಲಾಸ್ಮಿಡ್ ಮತ್ತೆ ಬೆಳೆಸಿದಳು. ಬಿಸಿಎಲ್ ಒನ್‌ಗೆ ಬೇಕಾದ 50 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟಳು. ಎರಡು ಬ್ಯಾಂಡ್ ಬಂತು. ಫ್ರೀಜರ್ ಪೆಟ್ಟಿಗೆಯ ಮುಚ್ಚಳದ ಮೇಲೆ ಮಾರ್ಕರ್‌ನಿಂದ 'ಡ್ಯಾಮ್ ನೋಡಿ' ಎಂದು ಬರೆದಿಟ್ಟಿದ್ದಾಳೆ, ಅದರ ಕೆಳಗೆ ಇನ್ಯಾರೋ 'ಕರೆಂಟೂ ನೋಡಿ' ಎಂದು ಸೇರಿಸಿದ್ದಾರೆ.